ಕೈಯಲ್ಲಿ ಒಂದು

ಆಡೂರು
20 ಜೂನ್ 2024

ಸವಣೂರು ದೇಶದ ದೊರೆ ದಾದಾಪೀರನಿಗೆ, ಹಾನಗಲ್ಲ ದೇಶದ ದೊರೆ ಗುದ್ಲೆಪ್ಪನ ಸಲಾಮು.

ಎರಡು ಅಮಾವಾಸ್ಯೆ ದಾಟಿದವು, ನಿನ್ನ ನಡೆ ಬಂದಿಲ್ಲ. ಮೊದಲನೆಯದನ್ನು ಟಪಾಲಿನವರು ಕಳೆದರು ಅಂದುಕೊಂಡೆ. ಎರಡನೆಯದನ್ನೂ ಕಳೆಯುತ್ತಾರೆಯೇ? ಬಕ್ರೀದ್ ಮುಗಿದು ಮೂರು ದಿನವಾಯಿತು, ಪ್ರತಿ ವರ್ಷ ನೀನು ಬರೆಯುವ ನಾಲ್ಕು ಸಾಲೂ ಇಲ್ಲ. ಪೋಸ್ಟ್‌ಮನ್ ಸೈಕಲ್ ಕಂಡರೆ ಸಾಕು, ಎದ್ದು ನಿಲ್ಲುತ್ತೇನೆ. ನಿನ್ನೆ ಅವನೇ ಬೈದ: "ಹಂಗ ಕಣ್ಣು ಕಿಸಿದು ನೋಡಬ್ಯಾಡೋ ಗುದ್ಲೆಪ್ಪ, ನಿನ್ನ ಪತ್ರ ನಾ ಏನ್ ರೊಟ್ಟಿಗೆ ಹಚಕೊಂಡು ತಿಂದೇನೇನು?"

ನನ್ನ ಸ್ವಭಾವ ನಿನಗೆ ಗೊತ್ತು. ಬಸ್ಸು ಹತ್ತು ನಿಮಿಷ ತಡವಾದರೆ ಎಲ್ಲೋ ಹಳ್ಳಕ್ಕೆ ಬಿತ್ತು ಅನ್ನುವವನು. ಆಟದ ಮಾತು ಫೋನಿನಲ್ಲಿ ಆಡಬಾರದು ಎಂಬ ನಿಯಮ ನೀನೇ ಮಾಡಿದ್ದು. ಮುರಿದು ಫೋನ್ ಮಾಡಿದೆ. ನುಜಹತ ಎತ್ತಿ, "ಅವರು ಮಲಗ್ಯಾರ್ರಿ ಅಣ್ಣಾ" ಎಂದು ಇಟ್ಟಳು. ಮಧ್ಯಾಹ್ನ ಹನ್ನೆರಡಕ್ಕೆ ಮಲಗುವವನೇ ನೀನು?

ಮಂಜುಳಾ ನಗುತ್ತಾಳೆ. "ನಲವತ್ತೆರಡು ವರ್ಷದ ಗಂಡಸರು, ಇಲ್ಲದ ದೇಶಕ್ಕ ಟಪಾಲು ಹಾಕ್ಕೋಂತ ಕುಂತೀರಿ" ಅಂದಳು. ಮದುವೆಯಾಗಿ ಹದಿನೆಂಟು ವರ್ಷ, ಒಮ್ಮೆಯೂ ಕುಳ್ಳಿರಿಸಿಕೊಂಡು ಹೇಳಿರಲಿಲ್ಲ. ಹೇಳಿದೆ. ಶಿಗ್ಗಾಂವಿಯ ಬೋರ್ಡಿಂಗಿನಲ್ಲಿದ್ದಾಗ, ಒಂಬತ್ತನೆಯ ಇಯತ್ತೆಯಲ್ಲಿ ಇತಿಹಾಸದ ಸರ್ ಕೇಳಿದ್ದು: "ನಲವತ್ತೆಂಟರಾಗ ಸವಣೂರ ಸಂಸ್ಥಾನ ಯಾರ ಕೂಡಾನೂ ಕೂಡದ ನಿಂತಿದ್ರ ಏನಾಕ್ಕಿತ್ತು? ನಾಳೆ ಬರಕೊಂಡ ಬರ್ರಿ." ಉಳಿದವರು ಎರಡು ಸಾಲು ಬರೆದರು. ಹಿಂದಿನ ಬೆಂಚಿನ ನಾವಿಬ್ಬರು ನಾಲ್ಕು ದೇಶ ಮಾಡಿದೆವು. ಸವಣೂರು ನಿನಗೆ, ಹಾನಗಲ್ಲು ನನಗೆ. ಶಿಗ್ಗಾಂವಿ, ಹಿರೇಕೆರೂರು ದೊರೆಯಿಲ್ಲದ ದೇಶಗಳು. ಯಾರ ವ್ಯಾಪಾರ ಮೇಲಾಗುತ್ತದೋ ಅವರ ಕಡೆ ವಾಲುತ್ತವೆ. ಮಳೆ, ಧಾರಣೆ, ರೋಗ ಎಲ್ಲ ಸೀಳಿದ ಹುಣಸೆ ಬೀಜ ಬಿದ್ದಂತೆ. ಅಪ್ಪ ಹಾಸಿಗೆ ಹಿಡಿದು ನಾನು ಶಾಲೆ ಬಿಟ್ಟ ಮೇಲೆ ಆಟ ಟಪಾಲಿಗೆ ಬಂತು. ಅಮಾವಾಸ್ಯೆಗೊಂದು ನಡೆ, ಇಪ್ಪತ್ತೆಂಟು ವರ್ಷ.

ಎಲ್ಲ ಕೇಳಿ ಮಂಜುಳಾ, "ಹಂಗಾದ್ರ ಯಾರ ದೇಶ ಶ್ರೀಮಂತ?" ಅಂದಳು. ಅಲ್ಲಿ ಸಿಕ್ಕಿಕೊಂಡೆ. ನನ್ನ ಖಜಾನೆ ಅಡಿಕೆ, ನಿನ್ನದು ವೀಳ್ಯದೆಲೆ. ಅಡಿಕೆ ಎರಡು ವರ್ಷ ಕುಳಿತರೂ ಕೆಡದು. ಎಲೆ ಐದನೆಯ ದಿನಕ್ಕೆ ಹಳದಿ. ನನ್ನ ದೇಶ ಕೂಡಿಟ್ಟು ಕಾಯುತ್ತದೆ, ನಿನ್ನದು ದಿನವೂ ಕೂಗಿ ಮಾರಬೇಕು. ಹಿರೇಕೆರೂರಿಗೆ ಹತ್ತಿ, ಗೋವಿನಜೋಳ ಇವೆ, ತಲೆ ಇಲ್ಲ. ಶಿಗ್ಗಾಂವಿಗೆ ಬೆಳೆ ಕಡಿಮೆ, ಹೆದ್ದಾರಿ ಇದೆ. ತಡಸದಲ್ಲಿ ಗೇಟು ಹಾಕಿದರೆ ಕುಳಿತಲ್ಲೇ ಸುಂಕ. ನಾನು ಧರ್ಮಾ ಹೊಳೆಗೆ ಕರೆಂಟಿನ ಮನೆ ಕಟ್ಟಿ ಇಪ್ಪತ್ತು ವರ್ಷವಾಯಿತು, ನಿನ್ನ ಸವಣೂರಿನಲ್ಲಿ ಇನ್ನೂ ಕಂದೀಲು. ತಂತಿ ಎಳೆಯುತ್ತೇನೆ ಅಂದಾಗಲೆಲ್ಲ ನಿನ್ನದು ಒಂದೇ ಸಾಲು: "ಹಾನಗಲ್ಲ ತಂತಿ ನಮ್ಮ ಗಡಿ ದಾಟಂಗಿಲ್ಲ."

ಈ ಸಲದ ನನ್ನ ಉತ್ಪನ್ನ: ಭತ್ತ 38, ಅಡಿಕೆ 47, ಒಟ್ಟು 75. ನಿನ್ನದು ಬಂದರೆ ಹೋಲಿಸಬಹುದು.

ಇನ್ನೊಂದು. ನಮ್ಮೂರ ಬೀರಪ್ಪ ಟೆಂಪೋ ತೆಗೆದುಕೊಂಡು ನಿಮ್ಮ ಎಲೆ ಪೇಟೆಗೆ ಬಂದಿದ್ದ. "ಸವಾಲು ಬ್ಯಾರೆ ಯಾವನೋ ಕೂಗಾಕತ್ತಿದ್ದ. ದಾದಾಪೀರನ ಗಂಟಲಿಲ್ಲಂದ್ರ ಅದು ಪೇಟೀನ ಅಲ್ಲ ಬಿಡಪಾ" ಅಂದ. ಅಂದಿನಿಂದ ಊಟ ಇಳಿಯುತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಎಲೆ ಹರಾಜಿನ ಸವಾಲು ತಪ್ಪಿಸಿದವನಲ್ಲ ನೀನು. ಎರಡು ಸಾಲು ಬರೆ. ಬೈದಾದರೂ ಬರೆ.

ದಾರಿ ಕಾಯುವ
ಗುದ್ಲೆಪ್ಪ


ಸವಣೂರು
12 ಜುಲೈ 2024

ಹಾನಗಲ್ಲ ದೊರೆಗೆ,

38ಕ್ಕೆ 47 ಕೂಡಿಸಿದರೆ 85. ಎಂಟು ಏಳು ಹದಿನೈದು. ಐದು ಕೆಳಗೆ, ಕೈಯಲ್ಲಿ ಒಂದು. ಆ ಕೈಯಲ್ಲಿಯ ಒಂದನ್ನು ನೀನು ಎಂದು ಕೂಡಿಸುತ್ತೀ ದೋಸ್ತ? ಒಂಬತ್ತನೆಯ ಇಯತ್ತೆಯಿಂದ ನಿನ್ನ ದೇಶ ಹತ್ತು ಹತ್ತು ಕಳೆದುಕೊಳ್ಳುತ್ತಲೇ ಬಂದಿದೆ. ನಾನು ತಿದ್ದದೆ ಹೋಗಿದ್ದರೆ ಹಾನಗಲ್ಲು ಎಂದೋ ಸವಣೂರಿನ ಒಂದು ಹೋಬಳಿ ಆಗಿರುತ್ತಿತ್ತು.

ಬಾಯಿಯಲ್ಲಿ ಹುಣ್ಣಾಗಿತ್ತು. ಹುಬ್ಬಳ್ಳಿಯಲ್ಲಿ ಸಣ್ಣ ಆಪರೇಷನ್ ಮಾಡಿದರು. ಸದ್ಯ ಮಾತಿಲ್ಲ. ಫೋನ್ ಮಾಡಬೇಡ, ನೋಡಲಿಕ್ಕೂ ಬರಬೇಡ. ಬರೆ, ಸಾಕು.

ಮಂಜುಳಾ ಕೇಳಿದ್ದಕ್ಕೆ ಉತ್ತರ. ಕೂಡಿಡಲು ಬರುವ ಖಜಾನೆಯ ದೇಶದಲ್ಲಿ ದೊರೆ ಒಂದು ವರ್ಷ ಮಲಗಿದರೂ ನಡೆಯುತ್ತದೆ. ಎಲೆಯ ದೇಶದಲ್ಲಿ ಹಾಗಿಲ್ಲ. ದೊರೆ ದಿನಾ ಬೆಳಿಗ್ಗೆ ಪೇಟೆಗೆ ಬಂದು ಕೂಗಲೇಬೇಕು. ಅವನು ಕೂಗದಿದ್ದರೆ ಏನಾಗುತ್ತದೆ ಎಂಬ ನಿಯಮವನ್ನು ನಾವು ಬರೆದೇ ಇಲ್ಲ ನೋಡು. ಆಗ ಹೊಳೆಯಲಿಲ್ಲ.

ನನ್ನ ನಡೆ: ಕರಾರು. ತಡಸದ ಗೇಟು ಇಬ್ಬರೂ ಕೂಡಿ ಕಿತ್ತು ಹಾಕೋಣ. ಶಿಗ್ಗಾಂವಿ, ಹಿರೇಕೆರೂರು ಯಾರ ಕಡೆಯೂ ವಾಲುವುದು ಬೇಡ, ತಮ್ಮಷ್ಟಕ್ಕೆ ತಾವು ಇರಲಿ. ಬಡಿದಾಡಿ ಬೇಸರ ಬಂದಿದೆ. ಒಪ್ಪುತ್ತೀಯಾ?

ನಿನ್ನ ಕರೆಂಟು ಮಾತ್ರ ಬೇಡ.

ಕಂದೀಲಿನ ದೇಶದಿಂದ
ದಾದಾಪೀರ


ಆಡೂರು
17 ಜುಲೈ 2024

ದೊರೆಗಳಿಗೆಲ್ಲ ದೊರೆ ದಾದಾಪೀರನಿಗೆ,

ಒಪ್ಪಿದೆ, ಒಪ್ಪಿದೆ, ಒಪ್ಪಿದೆ! ನಿನ್ನ ಅಕ್ಷರ ನೋಡಿ ಎಷ್ಟು ಸಂತೋಷವಾಯಿತೆಂದರೆ ಪೋಸ್ಟ್‌ಮನ್ನನಿಗೆ ಚಾ ಕುಡಿಸಿದೆ. "ನಿನ್ನ ಪತ್ರ ನಾ ತಿಂದಿರಲಿಲ್ಲಲ್ಲ?" ಎಂದು ಅವನಿಂದ ಮೂರು ಸಲ ಕೇಳಿಸಿಕೊಂಡೆ.

ಇಪ್ಪತ್ತೆಂಟು ವರ್ಷದಲ್ಲಿ ಇದು ಐದನೆಯ ಕರಾರು. ಇನ್‌ಲ್ಯಾಂಡಿನ ಮೇಲೆ ಒಳಗೆ ಏನನ್ನೂ ಇಡಬಾರದೆಂದು ಅಚ್ಚು ಹಾಕಿರುತ್ತಾರಲ್ಲ, ಅದಕ್ಕೇ ಲಕೋಟೆ ತಂದೆ. ಪದ್ಧತಿಯಂತೆ ಹಾನಗಲ್ಲಿನಿಂದ ಒಂದು ಅಡಿಕೆ ಇಟ್ಟಿದ್ದೇನೆ. ನಾನು ಚೀಲ ಹೊಲಿಯುವ ವಖಾರಿಯಲ್ಲಿ ಇಡೀ ರಾಶಿ ಹುಡುಕಿ ಆರಿಸಿದ್ದು, ಇದಕ್ಕಿಂತ ದುಂಡನೆಯದು ಅಲ್ಲಿ ಇರಲಿಲ್ಲ. ನೀನು ಸವಣೂರಿನ ಒಂದು ಎಲೆ ಕಳಿಸು. ಬರುವ ಶುಕ್ರವಾರ ಹೊತ್ತು ಮುಳುಗುವಾಗ ನೀನು ಅಲ್ಲಿ, ನಾನು ಇಲ್ಲಿ ಬಾಯಿಗೆ ಹಾಕಿಕೊಳ್ಳೋಣ. ಜಗಿದರೇ ಕರಾರು ಪಕ್ಕಾ.

ಇವತ್ತು ಮೊಹರಮ್ಮಿನ ಕಡೆಯ ದಿನ. ನಮ್ಮೂರ ಅಲಾವಿಯ ಕೆಂಡದ ಕುಣಿಯ ಮುಂದೆ ನಿನ್ನ ಹೆಸರಿನಲ್ಲಿ ಸಕ್ಕರೆ ಓದಿಸಿದೆ. ಸಣ್ಣ ಆಪರೇಷನ್ ಅಂದರೆ ಎಷ್ಟು ಸಣ್ಣದು? ಹೊಲಿಗೆ ಎಷ್ಟು? ಕೀವು ಆಗಿಲ್ಲವಷ್ಟೆ? ಆಪರೇಷನ್ ಬಾಯಿಯ ಒಳಗೋ ಹೊರಗೋ? ಇದನ್ನೆಲ್ಲ ಬಿಟ್ಟು ದೇಶದ ಸುದ್ದಿ ಬರೆದಿದ್ದೀ. ನನಗೆ ದೇಶದ ಚಿಂತೆ ಇಲ್ಲ.

ನಿನ್ನ ಎಲೆ ಕಾಯುವ
ಗುದ್ಲೆಪ್ಪ


ಸವಣೂರು
26 ಜುಲೈ 2024

ಗುದ್ಲೆಪ್ಪಣ್ಣನವರಿಗೆ,

ನಾನು ನುಜಹತ, ದಾದಾಪೀರ ಅವರ ಹೆಂಡತಿ ಬರೆಯುವುದು. ನಿಮ್ಮ ಲಕೋಟೆ ಸೋಮವಾರ ಬಂತು. ಅವರೇ ಒಡೆದರು. ಅಡಿಕೆ ಉರುಳಿ ಅವರ ತೊಡೆಯ ಮೇಲೆ ಬಿತ್ತು.

ಸಣ್ಣ ಆಪರೇಷನ್ ಎಂದು ನಿಮಗೆ ಬರೆದಿದ್ದಾರೆ. ಬಾಯಿ ಕ್ಯಾನ್ಸರ್ ಅಣ್ಣಾ. ಎಡಗಡೆಯ ದವಡೆ ಎಲುಬು ತೆಗೆದಿದ್ದಾರೆ, ನಾಲಿಗೆ ಅರ್ಧ ತೆಗೆದಿದ್ದಾರೆ. ಮೂಗಿನ ನಳಿಗೆಯಲ್ಲಿ ಗಂಜಿ ಹಾಕುತ್ತೇನೆ. ಡಾಕ್ಟರು ಕೇಳಿದ ಮೊದಲ ಮಾತೇ "ಎಷ್ಟು ವರ್ಷದಿಂದ ಎಲಿ ಅಡಿಕಿ ಹಾಕ್ತೀರಿ?" ಎಂದು. ಅಂಥವರಿಗೆ ನೀವು ಆರಿಸಿ ಅಡಿಕೆ ಕಳಿಸಿದಿರಿ.

ಅದನ್ನು ಬಹಳ ಹೊತ್ತು ನೋಡಿದರು. ನಕ್ಕರು. ಸಪ್ಪಳವಿಲ್ಲದ ನಗು ನೀವು ನೋಡಿಲ್ಲ, ನೋಡುವುದು ಬೇಡ. ಆಮೇಲೆ ಗೋಡೆಯ ಕಡೆ ಹೊರಳಿದವರು ಈ ಕಡೆ ತಿರುಗಿಲ್ಲ.

ಗಾಯ ಮಾಗಿದೆ, ಇನ್ನು ಮೂವತ್ಮೂರು ದಿನ ಕರೆಂಟ್ ಕೊಡಬೇಕು ಎಂದಿದ್ದಾರೆ. ಮಷೀನಿನ ಕೆಳಗೆ ಮಲಗಿಸಿ ಕೊಡುತ್ತಾರಲ್ಲ, ಅದು. ಆಗಸ್ಟ್ ಇಪ್ಪತ್ತರೊಳಗೆ ಶುರುವಾಗಲೇಬೇಕು, ದಾಟಿದರೆ ಮತ್ತೆ ಬೆಳೆಯುತ್ತದೆ ಎಂದರು. ದಿನಾ ಹುಬ್ಬಳ್ಳಿಗೆ ಹೋಗಿಬರಬೇಕು, ಎತ್ತಿ ಕೂರಿಸಲು ಜೊತೆಗೆ ಒಬ್ಬ ಗಟ್ಟಿ ಆಳು ಬೇಕು. ಇವರು ಒಲ್ಲೆ ಎನ್ನುತ್ತಾರೆ. ಪಾಟಿಯ ಮೇಲೆ ಬರೆದು ತೋರಿಸಿದರು: "ಕೂಗಲಾರದ ಬಾಯಿಗೆ ಕರೆಂಟ್ ಯಾಕೆ?" ಪೇಟೆಯ ಸವಾಲು ನಮ್ಮ ಮನೆಯವರೆಗೆ ಕೇಳುತ್ತದೆ. ಆ ಹೊತ್ತಿಗೆ ಕಿಟಕಿ ಮುಚ್ಚಿಸುತ್ತಾರೆ.

ಆಟದ ವಹಿಯನ್ನು ಟ್ರಂಕಿನಲ್ಲಿ ಹಾಕಿ ಕೀಲಿ ಹಾಕಿದರು. ನಿಮ್ಮ ದೇಶ, ಅವರ ದೇಶ ನನಗೆ ತಿಳಿಯುವುದಿಲ್ಲ. ನನಗೆ ಈ ಮನುಷ್ಯ ಬೇಕು. ಇನ್ನು ಮೇಲೆ ಬರೆಯಬೇಡಿ.

ನುಜಹತ


ಆಡೂರು
30 ಜುಲೈ 2024

ದಾದಾಪೀರ,

ದೊರೆ ಗಿರೆ ಏನೂ ಬರೆಯುವುದಿಲ್ಲ. ನುಜಹತ ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ, ಅವಳು ಸಿಟ್ಟಾಗಲಿ.

ನಿನ್ನೆ ನಿನ್ನ ಬಾಗಿಲಿಗೆ ಬಂದಿದ್ದೆ. ನಿನಗೆ ಗೊತ್ತು. ನಿಮ್ಮ ಅಮ್ಮಾ, ಇಮಾಮಬಿ, ಬಾಗಿಲು ತೆಗೆದರು. "ಯಾರಪಾ?" ಎಂದರು. "ಗುದ್ಲೆಪ್ಪರೀ ಅಮ್ಮಾ, ಆಡೂರಿಂದ" ಅಂದೆ.

"ಅಡಿಕಿ ಕಳಸಿದಾವ?"

"ಹೌದ್ರೀ."

"ಒಳಗ ಬಾ ಅನ್ನಾಕ ನನ್ನ ಬಾಯಿ ಬರವಲ್ದು. ಹೋಗು ಅನ್ನಾಕೂ ಬರವಲ್ದು. ಕುಂದ್ರು ಅಲ್ಲೇ ಕಟ್ಟೀ ಮ್ಯಾಲ" ಎಂದು ಚಾ ತಂದು ಕೊಟ್ಟರು. ಒಳಗೆ ಹೋಗಿ ನಿನ್ನ ಪಾಟಿ ತಂದರು. "ನನಗ ಕನ್ನಡ ಓದಾಕ ಬರಂಗಿಲ್ಲ. ಏನ್ ಬರದಾನ, ನೀನ ಓದಿ ಹೇಳು" ಎಂದರು. ನಾನು ಓದಿದೆ: "ಹಾನಗಲ್ಲ ದೊರೆಗೆ ಗಡಿ ಮುಚ್ಚಿದೆ." ಅವರು, "ಹಂಗಾದ್ರ ಚಾ ಕುಡದು ಹೋಗಪಾ" ಎಂದರು.

ನನ್ನನ್ನು ನಾನೇ ಓಡಿಸಿಕೊಂಡು ಬಂದೆ, ನಿನ್ನ ಅಕ್ಷರ ಓದಿ.

ನೀನು ಸಣ್ಣದು ಎಂದು ಬರೆದೆ, ನಾನು ನಂಬಿದೆ ಎಂದು ಹೇಳಿಕೊಳ್ಳಬಹುದು. ಹೇಳುವುದಿಲ್ಲ. ಬಾಯಿ ಎಂದು ಬರೆದಿದ್ದೆಯಲ್ಲ. ಆ ಒಂದು ಶಬ್ದಕ್ಕೆ ನನ್ನ ಕೈ ನಿಲ್ಲಬೇಕಿತ್ತು. ಕರಾರು ಎಂದ ಕೂಡಲೇ ಕೈ ತಾನಾಗಿ ಅಡಿಕೆ ರಾಶಿಗೆ ಹೋಯಿತು. ಇಪ್ಪತ್ತೆಂಟು ವರ್ಷದ ರೂಢಿ.

ಅದಕ್ಕಿಂತ ಹಿಂದಿನದು ಹೇಳುತ್ತೇನೆ, ಇಲ್ಲದಿದ್ದರೆ ಎದೆ ಒಡೆಯುತ್ತದೆ. ಮೊದಲ ಕರಾರು ಬೋರ್ಡಿಂಗಿನ ಪಾಯಖಾನೆಯ ಹಿಂದೆ ಆಯಿತು. ನೀನು ಎಲೆ ತೋಟದವರ ಮಗನಾದರೂ ಅಡಿಕೆ ಮುಟ್ಟಿದವನಲ್ಲ. ನಾನು ಊರಿಂದ ತಂದದ್ದನ್ನು ನಿನ್ನ ಬಾಯಿಗೆ ಹಾಕಿದೆ. "ಥೂ, ಒಗರು ಲೇ" ಎಂದು ಉಗುಳಿದೆ ನೀನು. "ಉಗುಳಿದ್ರ ಕರಾರು ಮುರೀತೈತಿ" ಎಂದು ಇನ್ನೊಂದನ್ನು ಕೈಯಾರೆ ಹಾಕಿದವನು ನಾನು. ಹಾಕಿ ಗದ್ದ ಹಿಡಿದಿದ್ದೆ, ಉಗುಳಬಾರದೆಂದು. ಎಡಗಡೆಯೋ ಬಲಗಡೆಯೋ ನೆನಪಾಗುತ್ತಿಲ್ಲ. ಮೂರು ದಿನದಿಂದ ಅದನ್ನೇ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಹಾಕಿದ್ದಾರೆ. ಬಾಯಿಗೆ ಮೂರು ಬೆರಳು ನೆಟ್ಟಗೆ ಹೋಗಬೇಕು, ಹೋಗದಿದ್ದರೆ ಡಾಕ್ಟರಿಗೆ ತೋರಿಸಿರಿ ಎಂದು. ದಿನಾ ಅದರ ಮುಂದೆಯೇ ಬಸ್ಸಿಗೆ ನಿಲ್ಲುತ್ತಿದ್ದೆ, ನಿನ್ನೆ ಓದಿದೆ. ಹಾಕಿ ನೋಡಿದೆ. ಎರಡೇ ಹೋದವು. ಅದಿರಲಿ.

ನೀನು ಹುಬ್ಬಳ್ಳಿಗೆ ಹೋಗು. ಹೋಗುತ್ತೇನೆಂದು ಒಂದು ಸಾಲು ಬರೆ, ನಾನು ಜನ್ಮದಲ್ಲಿ ನಿನ್ನ ಬಾಗಿಲಿಗೆ ಬರುವುದಿಲ್ಲ.

ಗುದ್ಲೆಪ್ಪ


ಆಡೂರು
4 ಆಗಸ್ಟ್ 2024, ನಾಗರ ಅಮಾವಾಸ್ಯೆ

ದಾದಾಪೀರ,

ಇವತ್ತು ನಡೆಯ ದಿನ. ನನ್ನ ನಡೆ ಇದು: ಹಾನಗಲ್ಲು ಸೋತಿತು.

ಆನೆಕೆರೆ ನಿನ್ನದು. ಭತ್ತದ ಬಯಲು, ಕಬ್ಬಿನ ಗಾಣ, ಅಡಿಕೆ ವಖಾರಿ ನಿನ್ನವು. ನಮ್ಮ ಆಡೂರಿನ ಶಾಸನದ ಕಲ್ಲುಗಳೂ ನಿನ್ನವು, ನೀನು ಅವುಗಳಿಗಾಗಿ ಎರಡು ಸಲ ದಂಡೆತ್ತಿ ಬಂದಿದ್ದೆ. ಧರ್ಮಾ ಹೊಳೆಯ ಕರೆಂಟಿನ ಮನೆ ನಿನ್ನದು. ಈಗಲಾದರೂ ತಂತಿ ಗಡಿ ದಾಟಬಹುದಲ್ಲ, ಗಡಿಯೇ ಇಲ್ಲ.

ಬರೆದು ಮುಗಿಸಿದ ಮೇಲೆ ವಹಿ ತೆಗೆದು ಲೆಕ್ಕ ಹಾಕಲು ಕುಳಿತೆ. ಲೆಕ್ಕ ಹತ್ತಲಿಲ್ಲ. ನಿನ್ನ ಸಾಲು ಇಲ್ಲದಿದ್ದರೆ ನನ್ನ 85 ಅಂದರೆ ಎಷ್ಟು? ಹೆಚ್ಚೋ ಕಡಿಮೆಯೋ? ನಿನ್ನದು 90 ಇದ್ದಾಗ ನಾನು ಬಡವ, ನಿನ್ನದು 80 ಇದ್ದಾಗ ಸಾಹುಕಾರ. ಒಂದೇ ದೇಶ ಉಳಿದರೆ ಅದು ಬಡವೂ ಅಲ್ಲ, ಶ್ರೀಮಂತವೂ ಅಲ್ಲ, ಸುಮ್ಮನೆ ಒಂದು ಬಯಲು.

ಮಂಜುಳಾ ನನ್ನ ಎಲೆ ಅಡಿಕೆ ಚೀಲ ಒಲೆಗೆ ಹಾಕಿದಳು. "ಒಂದ್ ಮಾತು ಅಂದ್ರ ನಿಮ್ಮನ್ನೂ ಹಾಕ್ತೇನಿ" ಅಂದಳು.

ಇಪ್ಪತ್ತಕ್ಕೆ ಹದಿನಾರು ದಿನ ಉಳಿದಿವೆ. ಬೆಳಿಗ್ಗೆ ಎದ್ದರೆ ಮೊದಲು ಅದೇ ಎಣಿಕೆ. ದೇಶ ತಗೋ ದಾದಾಪೀರ, ಬಸ್ಸು ಹತ್ತು.

ದೇಶವಿಲ್ಲದ
ಗುದ್ಲೆಪ್ಪ


ಆಡೂರು
11 ಆಗಸ್ಟ್ 2024
ಕಾರ್ಡು ಒಂದು

ದಾದಾಪೀರ,

ನನ್ನ ನಾಲ್ಕನೆಯ ತಾರೀಖಿನ ಪತ್ರ ತಿರುಗಿ ಬಂತು. "ತೆಗೆದುಕೊಳ್ಳಲು ಒಪ್ಪಲಿಲ್ಲ" ಎಂದು ಮೇಲೆ ಕೆಂಪು ಶಾಯಿ. ಪೋಸ್ಟ್‌ಮನ್ ಕೊಡುವಾಗ ಈ ಸಲ ಚೇಷ್ಟೆ ಮಾಡಲಿಲ್ಲ. ಅದಕ್ಕೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಕಾರ್ಡನ್ನು ಒಡೆಯಬೇಕಾಗಿಲ್ಲ, ಒಲ್ಲೆ ಎಂದರೂ ಕಣ್ಣಿಗೆ ಬೀಳುತ್ತದೆ. ಊರೆಲ್ಲ ಓದಲಿ.

ಆಟದ ಏಳನೆಯ ನಿಯಮ ನಿನ್ನದೇ. ಅಪ್ಪ ತೆಂಗಿನ ಮರದಿಂದ ಬಿದ್ದು ಮಲಗಿದ ವರ್ಷ, ನಾನು ಶಾಲೆ ಬಿಟ್ಟ ವರ್ಷ, ನೀನು ಬರೆದು ಕಳಿಸಿದ್ದು. "ಎರಡು ದೇಶ ಹೋಲಿಸುವಾಗ ಚೀಲ ಎಣಿಸಬೇಡ. ದುಡಿಯಲಾರದೆ ಮಲಗಿದ ಒಬ್ಬನನ್ನು ಆ ದೇಶ ಎಷ್ಟು ದಿನ ಸಾಕುತ್ತದೆ, ಅದನ್ನು ಎಣಿಸು. ಅದೇ ಅದರ ಶ್ರೀಮಂತಿಕೆ." ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಆ ಲೆಕ್ಕದಲ್ಲಿ ಅಪ್ಪನನ್ನು ಹಾನಗಲ್ಲು ನೂರು ದಿನ, ಸವಣೂರು ಇನ್ನೂರು ದಿನ ಸಾಕುತ್ತದೆ ಎಂದು ಬರೆದು ನೀನೇ ಗೆದ್ದಿದ್ದೆ.

ಕಾರ್ಡು ಎರಡು

ಅದೇ ಲೆಕ್ಕ ಈಗ ನಿನ್ನ ಮೇಲೆ ಹಾಕಿದ್ದೇನೆ. ಒಂದು ದಿನ ಅಂದರೆ, ಒಬ್ಬ ಆಳು ಬೆಳಿಗ್ಗೆ ನಿನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕುಳಿತು, ಸಂಜೆ ಮನೆ ಮುಟ್ಟಿಸುವುದು. ಮೂವತ್ಮೂರು ದಿನ ಬೇಕು.

ಬೀರಪ್ಪ ನಿಮ್ಮ ಎಲೆ ಪೇಟೆಯಲ್ಲಿ ಕೇಳಿದ. ಹದಿನಾಲ್ಕು ಜನ ತಲೆಗೊಂದು ದಿನ ಒಪ್ಪಿದರು. "ಅವನ ಸವಾಲಿಗೆ ಇಪ್ಪತ್ತು ವರ್ಷ ಎಲಿ ಮಾರೇವಿ, ಒಂದ್ ದಿನ ಹುಬ್ಬಳ್ಳಿಗೆ ಹೋಗಾಕ ಏನ್ ಧಾಡಿ?" ಎಂದರಂತೆ. ಇದು ಸವಣೂರಿನದು. ನನಗೆ ವಖಾರಿಯಲ್ಲಿ ಹತ್ತೊಂಬತ್ತು ದಿನ ಬಿಟ್ಟಿದ್ದಾರೆ, ಹೊಸ ಅಡಿಕೆ ಬರುವವರೆಗೆ ಚೀಲ ಕಡಿಮೆ. ಇದು ಹಾನಗಲ್ಲಿನದು. ನೀನು ಕಲಿಸಿದಂತೆ ಒಂದರ ಕೆಳಗೊಂದು ಬರೆದೆ:

ಸವಣೂರು 14
ಹಾನಗಲ್ಲು 19
ಒಟ್ಟು 23

ಹತ್ತು ದಿನ ಸಾಲದು.

ಕಾರ್ಡು ಮೂರು

ಆ ಹತ್ತು ದಿನಕ್ಕಾಗಿ ಎರಡು ದೇಶ ತಿರುಗಿದೆ. ಶಿಗ್ಗಾಂವಿಗೆ ಹೋಗಿ ನಮ್ಮ ಜೊತೆ ಬೋರ್ಡಿಂಗಿನಲ್ಲಿದ್ದವರನ್ನು ಹುಡುಕಿದೆ. ಒಬ್ಬ ಸಿಕ್ಕ. "ದಾದಾಪೀರನಾ? ಜೋರಾಗಿ ನಗತಿದ್ನಲ್ಲ, ಅವನಾ?" ಎಂದ. ಅವನಿಗೇ ಸೊಂಟ ಹಿಡಿದು ಕೋಲು ಬಂದಿದೆ. ಹಿರೇಕೆರೂರಿನಲ್ಲಿ ನಮ್ಮ ಕರೆವ್ವಕ್ಕನ ಮನೆಗೆ ಹೋದೆ. ಗೋವಿನಜೋಳಕ್ಕೆ ಹುಳ ಬಿದ್ದಿದೆ, ಮನೆಯವರೆಲ್ಲ ಹೊಲದಲ್ಲಿ. "ತಮ್ಮಾ, ಒಂದ್ ದಿನಾನೂ ಆಗವಲ್ದೋ" ಎಂದು ಅಕ್ಕ ಅತ್ತಳು. ದೊರೆಯಿಲ್ಲದ ದೇಶಗಳು. ಶಿಗ್ಗಾಂವಿ ಸೊನ್ನೆ, ಹಿರೇಕೆರೂರು ಸೊನ್ನೆ.

ಇಪ್ಪತ್ತೆಂಟು ವರ್ಷ ಖಜಾನೆ ಖಜಾನೆ ಎಂದೆವಲ್ಲ ದಾದಾಪೀರ. ನಾಲ್ಕು ದೇಶ ಕೂಡಿದರೂ ಮಲಗಿದ ಒಬ್ಬನಿಗೆ ಮೂವತ್ಮೂರು ದಿನ ಹುಟ್ಟುತ್ತಿಲ್ಲ. ಹತ್ತು ದಿನ ಎಲ್ಲಿಂದ ತರಲಿ? ನೀನೇ ಹೇಳು, ಲೆಕ್ಕ ನಿನಗೆ ಬರುತ್ತದೆ. ಇನ್ನು ಒಂಬತ್ತು ದಿನ ಇವೆ. ಹತ್ತನ್ನು ಆಮೇಲೆ ಹುಡುಕೋಣ, ಇರುವುದರಲ್ಲಿ ಶುರು ಮಾಡು. ಕಾಲಿಗೆ ಬೀಳುತ್ತೇನೆ.

ಗುದ್ಲೆಪ್ಪ


ಹುಬ್ಬಳ್ಳಿ
19 ಆಗಸ್ಟ್ 2024

ಹಾನಗಲ್ಲ ದೊರೆಗೆ,

ನಾಲ್ಕು ಒಂಬತ್ತು ಹದಿಮೂರು. ಮೂರು ಕೆಳಗೆ, ಕೈಯಲ್ಲಿ ಒಂದು. ಒಂದು ಒಂದು ಎರಡು, ಕೈಯಲ್ಲಿಯ ಒಂದು, ಮೂರು. ಮೂವತ್ಮೂರು.

ಯಾವ ಹತ್ತು ದಿನಕ್ಕಾಗಿ ಎರಡು ದೇಶ ತಿರುಗಿ ಅಕ್ಕನನ್ನು ಅಳಿಸಿ ಬಂದೆಯೋ ಅವು ನಿನ್ನ ಕೈಯಲ್ಲೇ ಇದ್ದವು.

ಕಾರ್ಡುಗಳು ಬುಧವಾರ ಬಂದವು. ನುಜಹತ ಒಲೆಯ ಗೂಡಿನಲ್ಲಿ ಇಟ್ಟಳು. ಅಮ್ಮಾ ಒಂದನ್ನು ಹಿಡಿದು ತಂದು, "ಏನ್ ಬರದಾನ, ಓದು" ಅಂದಳು. ಮಗನಿಗೆ ಮಾತಿಲ್ಲ ಎನ್ನುವುದನ್ನು ಅವಳು ದಿನಕ್ಕೊಮ್ಮೆ ಮರೆಯುತ್ತಾಳೆ. ನೋಡಬಾರದೆಂದಿದ್ದೆ, ನೋಡಿದೆ. 23. ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೂ 23. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಪಾಟಿ ಕೇಳಿದೆ. ತಪ್ಪೊಂದನ್ನು ತಿದ್ದಿ ಮಲಗೋಣ ಎಂದೇ ಕೇಳಿದ್ದು. ತಿದ್ದಿದ ಮೇಲೆ ಮೂವತ್ಮೂರು ಬಂತು. ಅಷ್ಟೂ ದಿನ ಬಂದು ಪಾಟಿಯ ಮೇಲೆ ಕುಳಿತ ಮೇಲೆ ಏನೆಂದು ಒಲ್ಲೆ ಅನ್ನಲಿ? ನುಜಹತ ಹಿಂದೆ ನಿಂತು ನೋಡುತ್ತಿದ್ದಳು.

ಇವತ್ತು ಹತ್ತೂವರೆಗೆ ಸವಣೂರು ದೇಶಕ್ಕೆ ಕರೆಂಟ್ ಬಂತು. ಐದೇ ನಿಮಿಷ. ಏನೂ ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಗುತ್ತದೆ ಎನ್ನುತ್ತಾರೆ. ಎಲೆ ಪೇಟೆಯವನೊಬ್ಬ ಪಕ್ಕದಲ್ಲಿ ಕುಳಿತು ನಿದ್ದೆ ಹೊಡೆಯುತ್ತಿದ್ದಾನೆ. ಉಳಿಯುತ್ತೇನೋ ಇಲ್ಲವೋ ಡಾಕ್ಟರು ಹೇಳಲಿಲ್ಲ. ನಾನೂ ಬರೆದು ಕೇಳಲಿಲ್ಲ.

ನಿನ್ನ ಮೂವತ್ತನೆಯ ತಾರೀಖಿನ ಪತ್ರವನ್ನು ಬಸ್ಸಿನಲ್ಲಿ ಒಡೆದೆ. ಮೊದಲ ಅಡಿಕೆ ನೀನು ಹಾಕಿದೆ. ಆಮೇಲಿನ ಇಪ್ಪತ್ತೆಂಟು ವರ್ಷದ್ದು ನಾನೇ ಹಾಕಿಕೊಂಡೆ, ಅದನ್ನು ನಿನ್ನ ದೇಶಕ್ಕೆ ಹಚ್ಚಬೇಡ. ಹಿಡಿದದ್ದು ಬಲಗಡೆಯ ಗದ್ದ. ಇನ್ನು ಊಟ ಮಾಡು.

ಅದೇ ಪತ್ರದಲ್ಲಿ ಎರಡೇ ಬೆರಳು ಹೋದವು, ಅದಿರಲಿ ಎಂದು ಬರೆದಿದ್ದೀ. ಇಲ್ಲಿ ಪಾಳಿ ಹಚ್ಚಿ ಕುಳಿತವರೆಲ್ಲ ಒಂದು ಕಾಲಕ್ಕೆ ಅದಿರಲಿ ಅಂದವರೇ. ಗುರುವಾರ ನಿನ್ನ ದಿನ. ಗಡಿ ತೆಗೆದಿದೆ, ಬಾ. ಬಂದು ನಿನ್ನ ಬಾಯನ್ನೂ ತೋರಿಸು. ನನ್ನನ್ನು ಕೆಳಗೆ ಬರೆದುಕೊಂಡಿದ್ದಾರೆ. ಕೈಯಲ್ಲಿಯ ಒಂದು ನೀನೇ, ಈ ಸಲ ಬಿಡಬೇಡ.

ದಾದಾಪೀರ